ಎಷ್ಟು ಅಂತ ಮೊದಲು ಹೇಳು

ಕಾಂಪೌಂಡ್ ಗೋಡೆಯ ಆ ಕಡೆಯಿಂದ ಪಕ್ಕದ ಮನೆಯ ಪೋಸ್ಟ್‌ಮ್ಯಾನ್ ಇನ್ನೊಂದು ಕುರ್ಚಿ ಎತ್ತಿ ಕೊಟ್ಟ. ಅದರ ಕಾಲು ಗಿರಗಿಟ್ಲೆಯ ತೋಳಿಗೆ ಸಿಕ್ಕಿ ಅಂಗಿ ಪರ್ರಂತ ಹರಿಯಿತು. ಹರಿದದ್ದನ್ನು ನೋಡಿಕೊಳ್ಳೋಕೆ ಪುರಸೊತ್ತಿಲ್ಲ. ಕುರ್ಚಿ ಕೆಳಗಿಡುವಷ್ಟರಲ್ಲಿ ಗೇಟಿನಿಂದ ಇನ್ನೂ ಮೂವರು ಒಳಗೆ ಬಂದರು. ಮೂವರದ್ದೂ ಗುರುತಿಲ್ಲ. ಒಬ್ಬನ ಕಣ್ಣು ಅತ್ತು ಅತ್ತು ಕೆಂಪಗಾಗಿತ್ತು.

ಅವಳ ನಿಜವಾದ ಹೆಸರು ಬೇರೆ. ಒಂದು ಕಡೆ ನಿಲ್ಲದೆ ಗಿರಗಿರ ತಿರುಗ್ತಾಳೆ ಅಂತ ಮಾವ ಇಟ್ಟ ಹೆಸರು ಗಿರಗಿಟ್ಲೆ. ಕಾಲೇಜು ಸೇರಿದ ಮೇಲೂ ಅದೇ ಅಂಟಿಕೊಂಡಿತ್ತು. ಹೆಸರಿಟ್ಟ ಮಾವ ಈಗ ನಡುಮನೆಯಲ್ಲಿ, ಪೆಟ್ಟಿಗೆಯೊಳಗೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮಲಗಿದ್ದ. ಇಸ್ತ್ರಿ ಮಾಡಿದ ಅಂಗಿಯಲ್ಲಿ ಅವನನ್ನು ಅವಳು ನೋಡುತ್ತಿರೋದು ಇದೇ ಮೊದಲು. ಯಾರೋ ಬೇರೆಯವರನ್ನ ತಂದು ಮಲಗಿಸಿದಾರೆ ಅಂತ ಬೆಳಿಗ್ಗೆಯಿಂದ ಅನ್ನಿಸುತ್ತಲೇ ಇತ್ತು.

ಅಮ್ಮ ಅಡುಗೆಮನೆಯಿಂದ ತಲೆ ಹೊರಗೆ ಹಾಕಿದಳು.

"ಅವನ ಕೆಲಸದ ಕಡೆಯಿಂದ ಎಷ್ಟು ಜನ ಬರ್ತಾರೆ ಅಂದೆ ನೀನು?"

"ಒಬ್ರೋ ಇಬ್ರೋ ಅಂದೆ."

"ಇದು ಒಬ್ರೋ ಇಬ್ರೋನಾ?"

ಗಿರಗಿಟ್ಲೆ ಪೆಚ್ಚಾಗಿ ಅಂಗಳ ನೋಡಿದಳು. ತಪ್ಪು ಅವಳದ್ದೇ. ನಿನ್ನೆ ಬೆಳಿಗ್ಗೆ ಮಾವ ಮೇಲಿನ ಕೋಣೆಯಲ್ಲಿ, ಕುರ್ಚಿಯಲ್ಲಿ ಕೂತ ಹಾಗೇ ಹೋಗಿಬಿಟ್ಟಿದ್ದ. ಹೃದಯ ನಿಂತಿದೆ ಅಂದರು ಡಾಕ್ಟರು. ಮಧ್ಯಾಹ್ನ ಅಮ್ಮ, ಅವನ ಕೆಲಸದವರಿಗೆ ಯಾರಿಗಾದರೂ ಒಂದು ಮಾತು ತಿಳಿಸು ಅಂದಳು. ಕೆಲಸದವರು ಅಂದರೆ ಯಾರು, ಎಲ್ಲಿದ್ದಾರೆ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮಾವನ ಕಂಪ್ಯೂಟರಿನಲ್ಲಿ ಮೇಲ್ ತೆರೆದೇ ಇತ್ತು. ಮೇಲ್ಗಡೆ ಇದ್ದುದಕ್ಕೆ ಉತ್ತರ ಅಂತ ಒತ್ತಿ, ಮಾವ ಹೋಗ್ಬಿಟ್ರು, ನಾಳೆ ಹನ್ನೊಂದಕ್ಕೆ ಮನೆಯಿಂದ ಹೊರಡೋದು ಅಂತ ವಿಳಾಸ ಸಮೇತ ಬರೆದು ಕಳಿಸಿಬಿಟ್ಟಳು. ಯಾರೋ ಒಬ್ಬ ಮನುಷ್ಯನಿಗೆ ಹೋಗುತ್ತೆ ಅಂದುಕೊಂಡಿದ್ದಳು. ಅದು ಮನುಷ್ಯನ ವಿಳಾಸವೇ ಅಲ್ಲ, ಊರೂರಿನ ಸಾವಿರಾರು ಜನ ಒಟ್ಟಿಗೆ ಕೂತು ಓದೋ ಮೇಲಿಂಗ್ ಲಿಸ್ಟ್ ಅಂತ ಗೊತ್ತಾದದ್ದು ಸಂಜೆ, ಉತ್ತರಗಳು ಒಂದರ ಹಿಂದೊಂದು ಸುರಿಯತೊಡಗಿದಾಗ.

ಅಮ್ಮ ಮತ್ತೆ ಒಳಗೆ ಹೋಗಲಿಲ್ಲ. ಬಾಗಿಲಿಗೆ ಒರಗಿ ನಿಂತು, ನಿನ್ನೆಯಿಂದ ಕೇಳುತ್ತಿದ್ದುದನ್ನೇ ಇನ್ನೊಮ್ಮೆ ಕೇಳಿದಳು.

"ಇಷ್ಟು ಜನ ಇದ್ದಾರಲ್ಲ, ಇವರಲ್ಲಿ ಯಾರಿಗಾದ್ರೂ ಗೊತ್ತಿರುತ್ತಾ? ಅವನು ತಪ್ಪು ಮಾಡಿದ್ನಾ ಅಂತ?"

"ಕೇಳ್ತೀನಮ್ಮ."

"ತಪ್ಪು ಮಾಡಿದ್ರೂ ಪರವಾಗಿಲ್ಲ ನಂಗೆ. ತಪ್ಪು ಮಾಡಿದೆ ಅಂತ ಒಳಗೊಳಗೇ ಕೊರಗಿ ಹೋದ್ನಾ, ಅದಷ್ಟೇ ಗೊತ್ತಾಗ್ಬೇಕು." ಆಮೇಲೆ ದನಿ ಗಟ್ಟಿ ಮಾಡಿಕೊಂಡಳು. "ಮತ್ತೆ ಫೋನಲ್ಲಿ ಅವನಿಗೆ ಬೈದ ಆ ಗುಡುಗಣ್ಣ ಬಂದ್ರೆ ಗೇಟು ದಾಟಬಾರದು. ನೀನೇ ನಿಂತ್ಕೋ ಅಲ್ಲಿ. ಅವನ ದನಿ ಕೇಳಿರೋಳು ನೀನೊಬ್ಳೇ."

*

ಮಾವ ಏನು ಕೆಲಸ ಮಾಡ್ತಾನೆ ಅಂತ ಕೇಳಿದವರಿಗೆಲ್ಲ ಮನೆಯವರು ಕಂಪ್ಯೂಟರ್ ಅನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಹೇಳೋಕೆ ಯಾರಿಗೂ ಬರುತ್ತಿರಲಿಲ್ಲ. ಅವನ ದೊಡ್ಡಕ್ಕ, ಅಂದರೆ ಗಿರಗಿಟ್ಲೆಯ ದೊಡ್ಡಮ್ಮನ ಪ್ರಕಾರ ಅವನು ಮಾಡುತ್ತಿದ್ದುದು ಬೆಳಿಗ್ಗೆಯಿಂದ ಸಂಜೆವರೆಗೆ ಪೈಜಾಮದಲ್ಲಿ ಕೂರೋದು. ಆ ಪೈಜಾಮಕ್ಕೆ ಸಂಬಳ ಕೊಡೋ ಕಂಪನಿ ಎಲ್ಲಿದೆ ಹೇಳಿ, ನಮ್ಮ ಯಜಮಾನರನ್ನೂ ಸೇರಿಸ್ತೀನಿ ಅಂತ ಬಂದಾಗಲೆಲ್ಲ ಹಂಗಿಸೋಳು. ಮಾವ ನಗುತ್ತಿದ್ದ, ಅಷ್ಟೇ.

ಗಿರಗಿಟ್ಲೆ ಒಮ್ಮೆ ಪಟ್ಟು ಹಿಡಿದು ಕೇಳಿದ್ದಳು. ಅಮ್ಮ ಹೊಲಿಗೆ ಕೆಲಸದವಳು. ಮುಂದಿನ ಕೋಣೆ ತುಂಬ ಬೇರೆಯವರ ಅಂಗಿಗಳು. ಮಾವ ಅದರಲ್ಲೊಂದನ್ನು ಎತ್ತಿಕೊಂಡು, ಇದಕ್ಕೆ ಎಷ್ಟು ಗುಂಡಿ ಬೇಕು ಅಂತ ಅಮ್ಮನನ್ನೇ ಕೇಳಿದ. ಏಳು ಅಂದಳು ಅಮ್ಮ.

"ಏಳು ಅಂತ ನಿಮ್ಮಮ್ಮನಿಗೆ ಮೊದಲೇ ಗೊತ್ತು. ಗೊತ್ತಿಲ್ದೆ ಕಾಜಾ ಹಾಕ್ತಾ ಹೋದ್ರೆ?"

"ಕಾಲರ್ ಬಂದಾಗ ನಿಲ್ಲಿಸ್ತೀನಿ," ಅಂದಳು ಅಮ್ಮ.

"ನಿನಗೆ ಕಣ್ಣಿದೆ ಅಕ್ಕ. ಕಂಪ್ಯೂಟರಿಗೆ ಕಾಲರ್ ಕಾಣಲ್ಲ. ಅದು ಕಾಲರ್ ದಾಟಿ, ಕತ್ತು ದಾಟಿ, ಹಾಕ್ಕೊಂಡಿರೋನ ಗಲ್ಲಕ್ಕೂ ಕಾಜಾ ಹಾಕುತ್ತೆ."

ಗಿರಗಿಟ್ಲೆ ನಕ್ಕು ನಕ್ಕು ಬಟ್ಟೆ ರಾಶಿ ಮೇಲೆ ಬಿದ್ದಳು. ಅವಳು ಏಳುವವರೆಗೂ ಕಾದು ಮಾವ ಉಳಿದದ್ದನ್ನು ಹೇಳಿದ. ಕಂಪ್ಯೂಟರಿನ ತಳದಲ್ಲಿ ಒಂದು ಕೋಡ್ ಇರುತ್ತೆ, ಕರ್ನೆಲ್ ಅಂತಾರೆ. ಮಿಕ್ಕಿದ್ದೆಲ್ಲ ಅದರ ಹೆಗಲ ಮೇಲೇ ನಿಂತಿರೋದು. ಅಲ್ಲಿ ಸಾಮಾನುಗಳನ್ನ ಸಾಲಾಗಿ ಇಡಬೇಕಾಗುತ್ತೆ. ಕೆಲವು ಸಾಲು ಇವತ್ತು ನಾಲ್ಕು ಮನೆ, ನಾಳೆ ನಾನೂರು. ಎಷ್ಟು ಅನ್ನೋದು ಕೆಲಸ ನಡೀತಿರುವಾಗಲೇ ತೀರ್ಮಾನ ಆಗೋದು. ಹಳಬರು ಸಾಲು ಇಲ್ಲಿ ಶುರು ಅಂತ ಬರೆದು ಕೈ ತೊಳೆದುಕೊಂಡುಬಿಟ್ಟಿದಾರೆ. ಎಲ್ಲಿ ಮುಗಿಯುತ್ತೆ ಅನ್ನೋದು ಇನ್ನೆಲ್ಲೋ ಇರುತ್ತೆ, ಇಲ್ಲವೇ ಬರೆದವನ ತಲೆಯಲ್ಲಿರುತ್ತೆ. ಒಂದು ಕೈ ಸಾಲು ದಾಟಿ ಆಚೆ ಹೋದರೆ ಪಕ್ಕದವರ ಸಾಮಾನು ಹಾಳು. ಕಳ್ಳರು ಒಳಗೆ ಬರೋದೂ ಅದೇ ಸಂದಿಯಿಂದ.

ಮಾವನ ಕೆಲಸ ಇಷ್ಟೇ: ಅಂಥ ಒಂದೊಂದು ಸಾಲನ್ನೂ ಹುಡುಕಿ, ಅದರ ಎಣಿಕೆಯನ್ನು ಅದಕ್ಕೇ ಕಟ್ಟಿಹಾಕೋದು. ಕಟ್ಟಿದ ಮೇಲೆ ಒಳಗೆ ಕೈ ಹಾಕುವ ಮುಂಚೆ ಕಂಪ್ಯೂಟರ್ ತಾನೇ ಎಣಿಕೆ ನೋಡುತ್ತೆ. ದಾಟಿದರೆ ಅಲ್ಲಿಗೇ ನಿಂತುಬಿಡುತ್ತೆ.

ನಿಂತರೆ ಜನ ಬೈಯಲ್ವಾ ಅಂದಳು ಗಿರಗಿಟ್ಲೆ.

"ನಿಂತ್ರೆ ಬೈತಾರೆ. ನಿಲ್ಲದೇ ಇದ್ರೆ ಹಾಳಾಗಿದ್ದು ಯಾರಿಗೂ ಗೊತ್ತೇ ಆಗಲ್ಲ. ನನಗೆ ಬೈಸಿಕೊಳ್ಳೋದು ವಾಸಿ."

ಆ ಕೆಲಸ ಅವನ ನಾಲಿಗೆಗೂ ಹತ್ತಿಬಿಟ್ಟಿತ್ತು. ನೆಂಟರು ಬರ್ತಾರೆ ಅಂದರೆ ಸಾಕು, ಎಷ್ಟು ಅಂತ ಮೊದಲು ಹೇಳು ಅನ್ನುತ್ತಿದ್ದ. ಬಡಿಸಲಾ ಅಂದರೂ ಅದೇ ಮಾತು. ಜುಗ್ಗ ಇವನು, ಅಗುಳು ಲೆಕ್ಕ ಹಾಕ್ತಾನೆ ಅಂತ ದೊಡ್ಡಮ್ಮ ಮುಖ ಹುಳ್ಳಗೆ ಮಾಡೋಳು.

*

ಗೇಟಿನ ಹತ್ತಿರ ನಿಂತ ಗಿರಗಿಟ್ಲೆಗೆ ಬಂದವರ ಮಾತಿನ ತಲೆಬುಡ ಗೊತ್ತಾಗಲಿಲ್ಲ. ಅವರು ಅವನನ್ನು ಎಣಿಕೆಯವರು ಅನ್ನುತ್ತಿದ್ದರು. ಹಾಗಂತ ಒಂದು ಹೆಸರಿದೆ ಅನ್ನೋದೇ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ದಪ್ಪ ಕನ್ನಡಕದವನೊಬ್ಬ ಕರ್ಚೀಫಿನಲ್ಲಿ ಮೂಗು ಒರೆಸಿಕೊಳ್ಳುತ್ತ, ಇವರು ನನ್ನ ಮಿಷನ್ ನಿಲ್ಲಿಸಿದಷ್ಟು ಸಲ ಕರೆಂಟೂ ಕೈ ಕೊಟ್ಟಿಲ್ಲ ಅಂದ. ಇನ್ನೊಬ್ಬ, ನಮ್ಮಪ್ಪ ನನ್ನನ್ನ ಬೈದಿದ್ದಕ್ಕಿಂತ ಇವರು ನನ್ನ ಕೋಡ್ ವಾಪಸ್ ಕಳಿಸಿದ್ದು ಜಾಸ್ತಿ ಅಂದ. ಅಂದು ಬಿಕ್ಕಿ ಬಿಕ್ಕಿ ಅತ್ತ.

ದೊಡ್ಡಮ್ಮ ಸೆರಗು ಸರಿ ಮಾಡಿಕೊಳ್ಳುತ್ತ ಗಿರಗಿಟ್ಲೆಯ ಕಿವಿಗೆ ಬಾಯಿ ಹತ್ತಿರ ತಂದಳು.

"ಇವರೆಲ್ಲ ದುಃಖಕ್ಕೆ ಬಂದಿದಾರಾ, ದೂರು ಕೊಡೋಕೆ ಬಂದಿದಾರಾ?"

"ಗೊತ್ತಾಗ್ತಿಲ್ಲ ದೊಡ್ಡಮ್ಮ."

"ನಮ್ಮ ಹುಡುಗ ಇವರ ಮಿಷನ್ ಯಾಕೆ ನಿಲ್ಲಿಸ್ತಿದ್ದ? ಇವನ ಪಾಡಿಗೆ ಇವನು ಇರಬಾರದಿತ್ತಾ?"

ಹಂಗಿಸೋ ದನಿ ಅಲ್ಲ ಅದು. ದೊಡ್ಡಮ್ಮನಿಗೂ ಹೆದರಿಕೆಯಾಗಿತ್ತು. ಒಳಗೆ ಪೆಟ್ಟಿಗೆಯ ಪಕ್ಕ ಕೂತಿದ್ದ ಅಪ್ಪನ ಕೈ ಹಿಡಿದುಕೊಂಡು ಒಬ್ಬೊಬ್ಬರೂ ಏನೇನೋ ಹೇಳುತ್ತಿದ್ದರು. ಅಪ್ಪ ಎಲ್ಲದಕ್ಕೂ ಹೂಂ ಅನ್ನುತ್ತಿದ್ದ. ಅವನ ಕಣ್ಣು ನೋಡಿದರೆ ಒಂದಕ್ಷರವೂ ಒಳಗೆ ಇಳಿದಿಲ್ಲ ಅಂತ ಗೊತ್ತಾಗುತ್ತಿತ್ತು.

ಗಿರಗಿಟ್ಲೆಯ ಕಣ್ಣು ಮಾತ್ರ ಓಣಿಯ ಮೇಲೇ ಇತ್ತು. ಗುಡುಗಣ್ಣನಿಗೆ ಎಂಥ ಮುಖ ಇರಬಹುದು ಅಂತ ಯೋಚಿಸುತ್ತಿದ್ದಳು. ದಪ್ಪ ಮೀಸೆ, ದಪ್ಪ ಹೊಟ್ಟೆ, ಎಲ್ಲ ಮನಸ್ಸಿನಲ್ಲೇ ಬರೆದುಕೊಂಡಿದ್ದಳು.

*

ಮೊನ್ನೆ ಮಧ್ಯಾಹ್ನ ಅವಳು ಊಟಕ್ಕೆ ಕರೆಯೋಕೆ ಮೇಲೆ ಹೋದಾಗ ಮಾವ ಸ್ಪೀಕರ್ ಹಾಕಿ ಮಾತಾಡುತ್ತಿದ್ದ. ಮಾತಾಡುತ್ತಿದ್ದ ಅನ್ನೋದಕ್ಕಿಂತ ಬೈಸಿಕೊಳ್ಳುತ್ತಿದ್ದ. ಆ ಕಡೆಯ ದನಿಗೆ ಮೇಜಿನ ಮೇಲಿನ ಪೆನ್ನು ಅಲ್ಲಾಡುತ್ತಿತ್ತು. ವೈಫೈ ಓಡಿಸೋ ಭಾಗ ಆ ದನಿಯವನದ್ದಂತೆ. ಅವನು ಒಪ್ಪದೆ ಅಲ್ಲಿ ಒಂದು ಅಕ್ಷರವೂ ಬದಲಾಗೋ ಹಾಗಿಲ್ಲವಂತೆ. ಮಾವ ಅಲ್ಲಿನ ಒಂದು ಸಾಲಿಗೆ ಎಣಿಕೆ ಕಟ್ಟಿದ್ದ. ಕಟ್ಟಿದ ಮೇಲೆ, ಸುತ್ತಮುತ್ತ ಯಾವ ವೈಫೈ ಇದೆ ಅಂತ ಹುಡುಕಲು ಹೊರಟ ಕಂಪ್ಯೂಟರುಗಳೆಲ್ಲ ಹುಡುಕದೆ ಅಲ್ಲೇ ನಿಂತುಬಿಟ್ಟಿದ್ದವು.

"ವರ್ಷಗಟ್ಟಲೆ ಓಡ್ತಿದ್ದ ಕೋಡ್ ಅದು. ನೀನು ಮುಟ್ಟಿದೆ, ನಿಂತ್ಹೋಯ್ತು. ತೆಗಿ ಅದನ್ನ. ಇನ್ಮೇಲೆ ನನ್ನ ಕಡೆ ಕೈ ಹಾಕ್ಬೇಡ."

ಫೋನ್ ಇಟ್ಟ ಮೇಲೆ ಮಾವ ಸುಮ್ಮನೆ ಪರದೆ ನೋಡುತ್ತ ಕೂತ. ಯಾರು ಮಾವ ಅದು ಅಂದಳು. ಗುಡುಗಣ್ಣ ಅಂದ. ಊಟಕ್ಕೆ ಬಾ ಅಂದರೆ ಕೈ ಬೀಸಿದ. ಅಮ್ಮ ತಟ್ಟೆಯನ್ನು ಮೇಲಕ್ಕೇ ತಂದಿಟ್ಟಳು, ಅದನ್ನೂ ಪಕ್ಕಕ್ಕೆ ತಳ್ಳಿದ. ಅವನು ಮುಂದಿಟ್ಟ ಊಟ ತಳ್ಳಿದ್ದನ್ನು ಗಿರಗಿಟ್ಲೆ ಅದುವರೆಗೂ ನೋಡಿರಲಿಲ್ಲ.

ಸಂಜೆ ಫೋನ್ ಚಾರ್ಜಿಗೆ ಹಾಕೋಕೆ ಕೆಳಗಿಳಿದು ಬಂದ. ಅವಳನ್ನು ಕಣ್ಣೆತ್ತಿಯೂ ನೋಡದೆ ಹತ್ತಿ ಹೋದ. ಸ್ವಲ್ಪ ಹೊತ್ತಿಗೆ ಫೋನ್ ಹೊಡೆದುಕೊಂಡಿತು. ಎತ್ತಿದರೆ ಅದೇ ದನಿ. ನೋಡು, ನಾನು, ಅಂತ ಶುರು ಮಾಡುವಷ್ಟರಲ್ಲಿ ಗಿರಗಿಟ್ಲೆ ಕಟ್ ಮಾಡಿ, ಸದ್ದು ಬರದ ಹಾಗೆ ಮಾಡಿ, ಮಗುಚಿ ಇಟ್ಟಳು. ಬೈದಿದ್ದು ಸಾಕು, ನನ್ನ ಮಾವ ಒಂದು ರಾತ್ರಿ ನೆಮ್ಮದಿಯಾಗಿ ಇರಲಿ ಅಂದುಕೊಂಡಳು. ಎಷ್ಟು ಒಳ್ಳೆ ಕೆಲಸ ಮಾಡಿದೆ ಅಂತ ಒಳಗೊಳಗೇ ಬೀಗಿದಳು ಕೂಡ. ಬೆಳಿಗ್ಗೆ ಮಾವ ಏಳಲಿಲ್ಲ.

ಆ ಮನುಷ್ಯನ ಬೈಗುಳವೇ ಮಾವನನ್ನು ತಿಂದಿತು ಅಂತ ಅಮ್ಮನಿಗೆ ಹೇಳಿದ್ದು ಅವಳೇ.

*

"ಎಣಿಕೆಯವರ ಮನೆ ಇದೇನಾ?"

ಓಣಿಯಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಗಿರಗಿಟ್ಲೆ ನೋಡಬೇಕಾಗಿಯೇ ಇರಲಿಲ್ಲ, ದನಿ ಸಾಕಿತ್ತು. ಮೀಸೆ ಇಲ್ಲ, ಹೊಟ್ಟೆ ಇಲ್ಲ. ತೆಂಗಿನ ಮರದ ಹಾಗೆ ಉದ್ದಕ್ಕೆ ಬೆಳೆದ, ಕತ್ತು ಬಗ್ಗಿಸಿ ಬಗ್ಗಿಸಿ ಬೆನ್ನೇ ಬಾಗಿದ ವಯಸ್ಸಾದವನು. ಅಂಗಿ ಮುದುರಿ ಹೋಗಿತ್ತು. ದೂರದಿಂದ ಬಂದವನ ವಾಸನೆ.

ಅವಳು ಗೇಟಿಗೆ ಅಡ್ಡ ನಿಂತಳು.

"ನೀವು ಒಳಗೆ ಬರೋ ಹಾಗಿಲ್ಲ."

ಅವನು ತಲೆ ಆಡಿಸಿದ, ಮೊದಲೇ ಗೊತ್ತಿದ್ದವನ ಹಾಗೆ. "ಸರಿ. ಈ ರಸ್ತೇಲಿ ನಿಲ್ಲಬಹುದು ತಾನೆ?"

ಅವಳು ಜಗಳಕ್ಕೆ ಸೊಂಟ ಕಟ್ಟಿ ನಿಂತಿದ್ದಳು. ರಸ್ತೆ ನಮ್ಮಪ್ಪಂದಲ್ಲ ಅಂದಳು. ಅವನು ಚೀಲ ಕೆಳಗಿಟ್ಟು ಎದುರು ಗೋಡೆಗೆ ಒರಗಿ ನಿಂತ. ನಿಂತು, ಅವಳಿಗೆ ಅಂತಲೂ ಅಲ್ಲದೆ, ಅವತ್ತು ಸಂಜೆ ಫೋನ್ ಮಾಡಿದ್ದೆ, ಅವನು ಕಟ್ ಮಾಡಿದ ಅಂದ. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಎತ್ತದೇ ಇದ್ದದ್ದೇ ಸರಿ.

"ಯಾಕೆ ಮಾಡಿದ್ರಿ? ಬೈಯೋದು ಇನ್ನೂ ಬಾಕಿ ಇತ್ತಾ?"

"ಬೈಯೋಕಲ್ಲ."

ಅವನು ಹೇಳಿದ್ದನ್ನು ಗಿರಗಿಟ್ಲೆ ಗುಂಡಿ ಕಾಜಾ ಲೆಕ್ಕದಲ್ಲೇ ಅರ್ಥ ಮಾಡಿಕೊಂಡಳು. ಬೈದು ಫೋನ್ ಇಟ್ಟವನು ಸಮಾಧಾನವಾಗದೆ ತನ್ನ ಕೋಡನ್ನೇ ತೆರೆದು ಕೂತನಂತೆ. ಆ ಸಾಲು ಬರೆದಿದ್ದು ಅವನೇ, ಹುಡುಗನಾಗಿದ್ದಾಗ. ಮೊದಲು ಸಾಮಾನು ತುಂಬಿಸಿ, ಎಲ್ಲ ತುಂಬಿದ ಮೇಲೆ ಇಷ್ಟಿದೆ ಅಂತ ಎಣಿಕೆ ಬರೆದಿದ್ದ. ಯಾರೂ ನೋಡುವವರಿಲ್ಲದಾಗ ಹಿಂದು ಮುಂದಾದರೆ ಏನೂ ಆಗುತ್ತಿರಲಿಲ್ಲ. ಮಾವ ಎಣಿಕೆ ಕಟ್ಟಿದ ಮೇಲೆ ಕಂಪ್ಯೂಟರ್ ನೋಡತೊಡಗಿತು. ತುಂಬಿಸೋ ಹೊತ್ತಿಗೆ ಎಣಿಕೆ ಇನ್ನೂ ಸೊನ್ನೆ. ಸೊನ್ನೆ ಅಂದರೆ ಅಲ್ಲಿ ಮನೆಯೇ ಇಲ್ಲ. ಇಲ್ಲದ ಮನೆಗೆ ಸಾಮಾನು ಹೊರ್ತಿದಾರಲ್ಲ ಅಂತ ನಿಂತುಬಿಟ್ಟಿತು.

"ನಿಂತಿದ್ದು ಸರಿಯಾಗೇ ಇತ್ತು. ತಪ್ಪು ನಂದು. ಅದನ್ನ ಹೇಳೋಕೆ ಫೋನ್ ಮಾಡಿದ್ದೆ."

ಗಿರಗಿಟ್ಲೆ ಒಂದ್ನಿಮಿಷ ಅಂದು, ಗೇಟು ಹಾಕೋದನ್ನೂ ಮರೆತು, ಒಳಗೆ ಓಡಿದಳು.

*

ಅಡುಗೆಮನೆಯಲ್ಲಿ ಅಮ್ಮ ಲೋಟಗಳಿಗೆ ಟೀ ಬಗ್ಗಿಸುತ್ತಿದ್ದಳು. ಬಂದವರಲ್ಲೊಬ್ಬಳು, ಕೆಂಪು ಸ್ಕಾರ್ಫಿನವಳು, ಯಾರೂ ಹೇಳದೆಯೇ ತೋಳು ಮಡಿಸಿ ಎಂಜಲು ಲೋಟ ತೊಳೆಯುತ್ತ ನಿಂತಿದ್ದಳು. ಮಾವನ ಜೊತೆ ಅದೇ ಕೆಲಸ ಮಾಡುವವಳಂತೆ. ಅವನ ಮುಖ ಅವಳು ನೋಡಿದ್ದು ಇವತ್ತೇ ಮೊದಲಂತೆ, ಅದೂ ಹೀಗೆ.

ಗಿರಗಿಟ್ಲೆ ಉಸಿರು ಕಟ್ಟಿಕೊಂಡು ಗೇಟಿನ ಹತ್ತಿರ ಕೇಳಿದ್ದನ್ನೆಲ್ಲ ಒಂದೇ ಗುಕ್ಕಿನಲ್ಲಿ ಹೇಳಿದಳು. ಫೋನ್ ಕಟ್ ಮಾಡಿದ್ದು ಯಾರು ಅನ್ನೋದೊಂದನ್ನು ಮಾತ್ರ ಬಿಟ್ಟಳು. ಅಮ್ಮ ಟೀ ಪಾತ್ರೆ ಕೆಳಗಿಟ್ಟಳು.

"ಅವನದ್ದು ತಪ್ಪಿರಲಿಲ್ಲ?"

"ಇರಲಿಲ್ಲ."

"ಮತ್ತೆ ಅದು ಇವನಿಗೆ ಗೊತ್ತಾಗಲೇ ಇಲ್ಲ." ಅಮ್ಮ ಒಲೆ ಆರಿಸಿದಳು. "ತಪ್ಪು ಮಾಡಿದೆ ಅಂದ್ಕೊಂಡೇ ಹೋದ ನನ್ನ ತಮ್ಮ. ಊಟ ಬಿಟ್ಟು ಹೋದ."

ಕೆಂಪು ಸ್ಕಾರ್ಫಿನವಳು ನಲ್ಲಿ ನಿಲ್ಲಿಸಿದಳು.

"ಇಲ್ಲ ಅಕ್ಕ. ಅವರಿಗೆ ಗೊತ್ತಿತ್ತು."

ಇಬ್ಬರೂ ಅವಳತ್ತ ತಿರುಗಿದರು. ಅವಳು ಒದ್ದೆ ಕೈಯನ್ನು ಸ್ಕಾರ್ಫಿಗೇ ಒರೆಸಿಕೊಂಡು ನಿಧಾನವಾಗಿ ಹೇಳಿದಳು. ಮೊನ್ನೆ ಕತ್ತಲಾಗೋ ಹೊತ್ತಿಗೆ ಮಾವ ಕಂಪ್ಯೂಟರಿನಿಂದಲೇ ಅವಳಿಗೆ ಮೆಸೇಜ್ ಮಾಡಿದ್ದನಂತೆ, ಸಿಕ್ತು ಅಂತ. ಗುಡುಗಣ್ಣ ಎಣಿಕೆಯನ್ನ ಎಲ್ಲ ತುಂಬಿಸಿದ ಮೇಲೆ, ಕೆಳಗೆ ಬರೆದಿದಾನೆ, ಅದೊಂದನ್ನ ಮೇಲಕ್ಕೆ ತಂದರೆ ಮುಗೀತು ಅಂತ. ಹಾಗಾದರೆ ಈಗಲೇ ಬರೆದು ಅವರ ಮುಖಕ್ಕೆ ಹಿಡೀತೀನಿ ಅಂತ ಇವಳು ಕುಣಿದಾಡಿದ್ದಕ್ಕೆ, ಬೇಡ ಅಂದನಂತೆ. ನಾವು ತೋರಿಸಿದರೆ ಇದೊಂದನ್ನು ಒಪ್ಪುತ್ತಾನೆ. ಅವನೇ ಕಂಡುಕೊಂಡರೆ ಇನ್ನು ಯಾವ ಸಾಲಿಗೂ ಬೇಡ ಅನ್ನಲ್ಲ.

"ಮತ್ತೆ ಊಟ?" ಅಂದಳು ಅಮ್ಮ.

"ಏನನ್ನಾದ್ರೂ ಹುಡುಕ್ತಿರುವಾಗ ಅವರು ಊಟ ಮಾಡಿದ್ದನ್ನ ನಾನು ಕೇಳೇ ಇಲ್ಲ ಅಕ್ಕ."

ಅಮ್ಮ ಪಾತ್ರೆ ತೊಳೆಯೋ ಕಟ್ಟೆಯನ್ನೇ ನೋಡುತ್ತ ನಿಂತಳು. ಏನೋ ನೆನಪಿಸಿಕೊಳ್ಳುತ್ತಿದ್ದ ಹಾಗಿತ್ತು.

"ತಟ್ಟೆ ಖಾಲಿ ಇತ್ತು," ಅಂದಳು ಕೊನೆಗೆ. "ನಿನ್ನೆ ಆ ಗಲಾಟೇಲಿ ನಾನೇ ತೊಳೆದಿಟ್ಟೆ. ಖಾಲಿ ಇತ್ತು ಕಣೇ. ನಂಗೆ ಹೊಳೀಲೇ ಇಲ್ಲ."

ಅಂದು ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಎರಡೂ ಒಂದೇ ಸಲ ಬಂದ ಹಾಗಿತ್ತು. ಕೆಂಪು ಸ್ಕಾರ್ಫಿನವಳೂ ನಗುತ್ತ ಕಣ್ಣೊರೆಸಿಕೊಂಡಳು.

"ಅವರಿಗೆ ಗುಡುಗಣ್ಣನ ಮೇಲೆ ಎಷ್ಟು ನಂಬಿಕೆ ಗೊತ್ತಾ? ನೋಡ್ತಿರು, ಮಲಗೋದ್ರೊಳಗೆ ಅವನೇ ಫೋನ್ ಮಾಡ್ತಾನೆ ಅಂದಿದ್ರು."

ಗಿರಗಿಟ್ಲೆಗೆ ಆಗ ಅರ್ಥವಾಯಿತು. ಮಾವ ಮೇಲೆ ಕೂತು, ಊಟ ಮಾಡಿ, ಆ ಒಂದು ಫೋನಿಗೆ ಕಾಯುತ್ತಿದ್ದ. ಫೋನು ಕೆಳಗೆ, ಮಗುಚಿಕೊಂಡು, ಸದ್ದಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಇಳಿದು ಬಂದು ನೋಡಬಾರದಿತ್ತಾ? ನೋಡಿದ್ದನೋ ಏನೋ. ಮಾಡಲಿಲ್ಲ ಅವನು, ಅಂದುಕೊಂಡು ಕೂತಿದ್ದನೋ. ನಾಳೆ ಮಾಡ್ತಾನೆ ಬಿಡು ಅಂತ ಕಣ್ಣು ಮುಚ್ಚಿದನೋ. ಇದನ್ನು ಹೇಳೋಕೆ ಸ್ಕಾರ್ಫಿನವಳಿಗೂ ಬರುವುದಿಲ್ಲ, ಗುಡುಗಣ್ಣನಿಗೂ ಬರುವುದಿಲ್ಲ.

"ಅಮ್ಮ, ಆ ಫೋನ್ ಕಟ್ ಮಾಡಿದ್ದು ನಾನು."

ಅಮ್ಮ ತಿರುಗಿ ನೋಡಿದಳು. ಹರಿದ ತೋಳನ್ನೂ ನೋಡಿದಳು. ಸೀರೆಯಲ್ಲಿ ಯಾವಾಗಲೂ ಚುಚ್ಚಿಕೊಂಡಿರುತ್ತಿದ್ದ ಪಿನ್ನು ತೆಗೆದು ಹರಿದ ಜಾಗಕ್ಕೆ ಹಾಕಿದಳು.

"ನನಗೆ ಹೇಳಿ ಏನು ಬಂತು? ಹೊರಗೆ ನಿಂತಿದಾನಲ್ಲ, ಅವನಿಗೆ ಹೇಳು."

*

ಗುಡುಗಣ್ಣ ಅದೇ ಗೋಡೆಗೆ ಒರಗಿಕೊಂಡಿದ್ದ. ಗೇಟು ಹಾರು ಹೊಡೆದಿದ್ದರೂ ಒಂದು ಹೆಜ್ಜೆ ಮುಂದೆ ಬಂದಿರಲಿಲ್ಲ. ಗಿರಗಿಟ್ಲೆ ಅವನ ಮುಂದೆ ಹೋಗಿ ನಿಂತಳು.

"ಮಾವ ಕಟ್ ಮಾಡಿಲ್ಲ. ನಾನು ಮಾಡಿದ್ದು. ಫೋನ್ ಕೆಳಗಿತ್ತು, ಅವರಿಗೆ ಗೊತ್ತೇ ಇಲ್ಲ."

"ನೀನಾ?"

"ಹೂಂ."

ಅವನು ಗೋಡೆ ಹಿಡಿದುಕೊಂಡು ಮೆಲ್ಲಗೆ ಚರಂಡಿ ಕಟ್ಟೆಯ ಮೇಲೆ ಕೂತ. ಕೂತರೂ ಅವಳ ಹೆಗಲಿಗೆ ಬರುತ್ತಿದ್ದ. ಬೈಯುತ್ತಾನೆ, ಓಣಿ ಪೂರ್ತಿ ಕೇಳೋ ಹಾಗೆ ಬೈಯುತ್ತಾನೆ ಅಂತ ಅವಳು ಕಾದಳು. ಬೈದರೆ ಹಗುರಾಗುತ್ತಿತ್ತು.

"ಬೈಯಿರಿ," ಅಂದಳು.

ಅವನು ತಲೆ ಅಲ್ಲಾಡಿಸಿದ. ನನ್ನ ದನಿ ಕೇಳೋಕೂ ಅವನಿಗೆ ಇಷ್ಟವಿರಲಿಲ್ಲ ಅಂದುಕೊಂಡು ಬಂದೆ, ದಾರಿಯುದ್ದಕ್ಕೂ ಅದೇ ಅಂದುಕೊಂಡು ಬಂದೆ ಅಂದ. ಆ ದೊಡ್ಡ ದನಿ ಎಲ್ಲೋ ತಳ ಸೇರಿತ್ತು. ಗಿರಗಿಟ್ಲೆ ಕೆಂಪು ಸ್ಕಾರ್ಫಿನವಳು ಹೇಳಿದ್ದನ್ನು ಒಂದೂ ಬಿಡದೆ ಹೇಳಿದಳು. ಮಾವನಿಗೆ ಮೊದಲೇ ಸಿಕ್ಕಿತ್ತು ಅಂತ. ನೀವೇ ಕಂಡುಕೊಳ್ಳಲಿ ಅಂತ ಬಿಟ್ಟಿದ್ದರು ಅಂತ.

"ಕಂಡುಕೊಂಡು ಮಲಗೋದ್ರೊಳಗೆ ಫೋನ್ ಮಾಡ್ತೀರ ಅಂದಿದ್ರಂತೆ."

"ಅಂದಿದ್ನಾ?"

"ಅಂದಿದ್ರಂತೆ."

ಅವನು ಮತ್ತೆ, ಚಿಕ್ಕ ಮಗು ಕೇಳೋ ಹಾಗೆ, ಅಂದಿದ್ನಾ ಅಂತ ಕೇಳಿದ. ಅವಳು ಮತ್ತೆ ಹೇಳಿದಳು.

ಒಳಗಿನಿಂದ ಗದ್ದಲ ಕೇಳಿತು. ಹೊತ್ತಾಗಿತ್ತು. ವ್ಯಾನು ಓಣಿಯೊಳಗೆ ಬರೋದಿಲ್ಲ, ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ದೊಡ್ಡ ರಸ್ತೆವರೆಗೂ ಹೋಗಬೇಕು. ಅಪ್ಪ, ಪೋಸ್ಟ್‌ಮ್ಯಾನ್, ವ್ಯಾನಿನ ಡ್ರೈವರ್, ದೊಡ್ಡಪ್ಪ ಅಂತ ನಾಲ್ವರು ಗೊತ್ತಾಗಿದ್ದರು. ಮೆಟ್ಟಿಲು ಇಳಿಯುವಾಗಲೇ ದೊಡ್ಡಪ್ಪನ ಸೊಂಟ ಹಿಡಿದುಕೊಂಡಿತು. ಅಯ್ಯೋ ಅಂದವನೇ ಕೂತುಬಿಟ್ಟ. ಮಿಕ್ಕ ಮೂವರು ಪೆಟ್ಟಿಗೆಯನ್ನು ಮೊಣಕಾಲಿನ ಮೇಲೆ ತಡೆದುಕೊಂಡರು. ಬಂದಿದ್ದ ಜನವೆಲ್ಲ ಒಟ್ಟಿಗೆ ಮುಂದೆ ನುಗ್ಗಿದರು, ನಾನು ಹಿಡೀತೀನಿ ತಾನು ಹಿಡೀತೀನಿ ಅಂತ. ಎಲ್ಲಿ ಹಿಡಿಯಬೇಕು ಅಂತ ಒಬ್ಬರಿಗೂ ತಿಳಿಯದು. ಒಬ್ಬ ಹೂವಿನ ಬುಟ್ಟಿ ಹಿಡಿದು ನಿಂತ. ಇನ್ನೊಬ್ಬ ಅಪ್ಪನ ತೋಳನ್ನೇ ಹಿಡಿದ. ದೊಡ್ಡಮ್ಮ ಗಂಡನ ಸೊಂಟ ತಿಕ್ಕಲೋ ತಮ್ಮನ ಪೆಟ್ಟಿಗೆಗೆ ಕೈ ಕೊಡಲೋ ಅಂತ ಅಲ್ಲೇ ಸುತ್ತು ಹೊಡೆಯುತ್ತಿದ್ದಳು.

ಅಮ್ಮ ಆ ಗುಂಪನ್ನು ದಾಟಿಕೊಂಡು ಗೇಟಿನವರೆಗೆ ಬಂದಳು. ಕೈ ಇನ್ನೂ ಒದ್ದೆ ಇತ್ತು. ಚರಂಡಿ ಕಟ್ಟೆಯ ಮೇಲೆ ಕೂತವನು ಗಡಬಡಿಸಿ ಎದ್ದ. ಅಮ್ಮ ಅವನ ಮುಖ ನೋಡಲು ತಲೆ ಪೂರ್ತಿ ಮೇಲೆತ್ತಬೇಕಾಯಿತು.

"ಬನ್ನಿ," ಅಂದಳು. "ಹಿಂದಿನ ಮೂಲೆ ಹಿಡೀರಿ. ಬರೀ ಗಿಡ್ಡರೇ ಸೇರಿಕೊಂಡಿದಾರೆ."

ಅವನು ಒಳಗೆ ಬಂದು, ಚೀಲವನ್ನು ಗಿರಗಿಟ್ಲೆಯ ಕೈಗೆ ಕೊಟ್ಟು, ಪೆಟ್ಟಿಗೆಯ ಮೂಲೆಗೆ ಹೆಗಲು ಕೊಟ್ಟ. ನಾಲ್ವರೂ ಎದ್ದು ನಿಂತರು. ನಿಂತೊಡನೆ ಪೆಟ್ಟಿಗೆ ವಾಲಿತು. ಮುಂದಿದ್ದ ಪೋಸ್ಟ್‌ಮ್ಯಾನ್ ಅವನ ಎದೆಗೆ ಬಂದರೆ ಹೆಚ್ಚು. ಭಾರವೆಲ್ಲ ಮುಂದಕ್ಕೆ ಜಾರಿ ಒಳಗೆ ಏನೋ ಸರಿದ ಸದ್ದಾಯಿತು. ಅಮ್ಮನ ಕೈ ತಾನಾಗಿ ಬಾಯಿಗೆ ಹೋಯಿತು.

ಗುಡುಗಣ್ಣ ಎರಡೂ ಮಂಡಿ ಮಡಿಸಿದ. ಕುರ್ಚಿಯಲ್ಲಿ ಕೂರೋಕೆ ಹೊರಟವನ ಹಾಗೆ ಮೈಯನ್ನು ಅರ್ಧಕ್ಕೆ ಇಳಿಸಿದ. ಇನ್ನೂ ಸ್ವಲ್ಪ ಇಳಿಸಿದ. ಪೆಟ್ಟಿಗೆ ನೇರವಾಯಿತು.

ಹಾಗೇ ನಡೆದ. ಗೇಟು ದಾಟಿ, ಗೋಡೆ ದಾಟಿ, ಕೂತ ಹಾಗೆಯೇ ಪುಟ್ಟ ಪುಟ್ಟ ಹೆಜ್ಜೆ ಇಡುತ್ತ ನಡೆದ. ಹಿಂದಿನಿಂದ ನೋಡುತ್ತಿದ್ದವರಿಗೆ ಅವನ ಕಾಲು ನಡುಗೋದು ಪ್ಯಾಂಟಿನ ಮೇಲೂ ಕಾಣುತ್ತಿತ್ತು. ದಪ್ಪ ಕನ್ನಡಕದವನು ಓಡಿ ಹೋಗಿ ನಾನು ಬದಲಾಯಿಸಿಕೊಳ್ಳಲಾ ಅಂತ ಕೇಳಿದ. ಗುಡುಗಣ್ಣ ಬೇಡ ಅಂತ ತಲೆ ಆಡಿಸಿದ. ಗಿರಗಿಟ್ಲೆ ಅವನ ಚೀಲ ಎದೆಗೆ ಅವುಚಿಕೊಂಡು ಹಿಂದೆ ಹಿಂದೆ ನಡೆದಳು. ಓಣಿ ಮುಗಿಯುವವರೆಗೂ ಅವನು ಮಂಡಿ ನೆಟ್ಟಗೆ ಮಾಡಲೇ ಇಲ್ಲ.